ದ್ರಾಕ್ಷಿ ವೈನು, ಅತ್ತಿ ಬಾಯಾಗ ಕಾಢಾ

ಗೆಳತ್ಯಾರ, ನಗಬ್ಯಾಡ್ರಿ. ಇವತ್ತ ಇಚಲಕರಂಜಿ ಮನ್ಯಾಗ ಕರಿ ದ್ರಾಕ್ಷಿಯ ವೈನು ಬಾಟ್ಲಿಗೆ ತುಂಬಾಕ ಕುಂತಿದ್ದೆ. ಜೀವನದಾಗ ಮಾಡಿದ ಮೊದಲನೇ ವೈನು. ಗಸಿ ಎಲ್ಲಾ ಭರಣಿ ತಳಕ್ಕ ಕುಂತು, ಮ್ಯಾಲಿಂದು ತಿಳಿಯಾಗಿ ಹೊಳಿತಿತ್ತು. ಗಸಿ ಏಳಬಾರ್ದು ಅಂತ ಸಣ್ಣ ಪೈಪ್ ಇಳಿಬಿಟ್ಟು ಬಾಯಿಲೆ ಜಗ್ಗಿದೆ. ಒಂದ ಬಾಟ್ಲಿ ಚಂದ ತುಂಬ್ತು. ಇನ್ನೊಂದಕ್ಕ ಮತ್ತ ಜಗ್ಗಿದ್ನೋ ಇಲ್ಲೋ, ಬಾಯಿ ತುಂಬ ವೈನು ಬಂತು. ಅದ ಹೊತ್ತಿಗೆ ನಮ್ಮತ್ತಿ, ಬಾಜೂ ಮನಿ ಕಾಕುನ್ನ ಕರಕೊಂಡು ಒಳಗ ಬಂದ್ರು.

"ಹೇ ಕಾಯ್ ಗ? ಏನ್ ಕುಡ್ಯಾಕತ್ತಿ?" ಅಂತ ಮರಾಠಿ ಬೆರಸಿ ಕೇಳಿದ್ರು ಕಾಕು.

ಉಗುಳಾಕ ಮನಸ್ಸಿಲ್ಲ, ಮಾತಾಡಾಕ ಬಾಯಿಲ್ಲ. ಗಟಕ್ಕನ ನುಂಗಿದೆ. ಗಡಬಡಿಯೊಳಗ ಭರಣಿಗೆ ಮೊಣಕಾಲ ಬಡದು ಗಸಿ ಎಲ್ಲಾ ಎದ್ದು ರಾಡಿ ಆತು.

ಮರ್ಯಾದಿ ಉಳಿಸಾಕ ಅತ್ತಿ, "ಕೆಮ್ಮಿನ ಕಾಢಾ ರೀ, ದ್ರಾಕ್ಷಿ ಕಷಾಯ," ಅಂದ್ರು. ಒಂದ ಏಕಾದಶಿ ಬಿಡದ ಹೆಣಮಗಳು ಇಷ್ಟ ಸರಾಗ ಸುಳ್ಳ ಹೇಳ್ತಾರಂತ ನನಗ ಗೊತ್ತಿರಲಿಲ್ಲ.

"ನಮ್ಮನಿಯವ್ರಿಗೂ ಭಾಳ ಕೆಮ್ಮ ಐತ್ರಿ," ಅಂತ ಕಾಕು ಇದ್ದೊಂದು ತಿಳಿ ಬಾಟ್ಲಿ ಎತ್ಕೊಂಡು ಹೋಗೇಬಿಟ್ರು.

ಸಂಜೀಗೆ ಖಾಲಿ ಬಾಟ್ಲಿ ತೊಳದು ವಾಪಸ್ ತಂದ್ರು. "ಕೆಮ್ಮ ಹೋತ್ರಿ. ಈಗ ಹಾಡ ಹಾಡಾಕತ್ತಾರ."

ನನಗ ಬೈಗಳ ಖಾತ್ರಿ ಅನಕೊಂಡೆ. ಆದ್ರ ಅತ್ತಿ ನಮ್ಮ ಮಾವಗ ಫೋನ್ ಹಚ್ಚಿದ್ರು: "ಬರೂ ಮುಂದ ದ್ರಾಕ್ಷಿ ತರ್ರಿ, ನನಗೂ ಗಂಟಲ ಕೆರ್ಯಾಕತ್ತೈತಿ."

ಗಸಿ ಮತ್ತ ತಳಕ್ಕ ಕುಂದರಾಕ ವಾರಾದ್ರೂ ಬೇಕು. ಅಲ್ಲೀತನಕ ಓಣಿಯವ್ರು ದಯಮಾಡಿ ಯಾರೂ ಕೆಮ್ಮಬ್ಯಾಡ್ರಿ.