ಎಣ್ಣೆ ಸವರಿದ ಬೆರಳು

ತೊಂಬತ್ತರ ದಶಕದಲ್ಲಿ ಮೊಳಕಾಲ್ಮೂರಿನ ನಮ್ಮ ಪಕ್ಕದ ಮನೆಯ ನೇಕಾರರ ಮಗಳು ಜೂಡೋದಲ್ಲಿ ರಾಜ್ಯಕ್ಕೇ ಮೊದಲಿಗಳು. ಎದುರಾಳಿಗಳ ಒರಟು ಅಂಗಿಯನ್ನು ಹಿಡಿದೆಳೆದು ಅವಳ ಬೆರಳುಗಳು ಜಡ್ಡುಗಟ್ಟಿದ್ದವು. ಅವು ತಗುಲಿದರೆ ರೇಷ್ಮೆಯ ಎಳೆ ಏಳುತ್ತಿತ್ತು. ಅದಕ್ಕೇ ಮಗ್ಗಕ್ಕೆ ಕೂರುವ ಮುಂಚೆ ಬೆರಳನ್ನು ಕಲ್ಲಿಗೆ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಕೆನ್ನೆಗೆ ಸವರಿ ನೋಡಿಕೊಳ್ಳುವಳು. "ನುಣ್ಣಗೈತೆ ಬಿಡವ್ವ" ಎನ್ನುವಳು.

ಬೆರಳು ಮೆತ್ತಗಾದರೆ ಪಂದ್ಯದಲ್ಲಿ ಹಿಡಿತ ಜಾರುತ್ತದೆಂದು ನನಗೊಬ್ಬಳಿಗೇ ಹೇಳಿದ್ದಳು. "ಅವ್ವಂಗೆ ಹೇಳ್ಬ್ಯಾಡ್ರಿ ಅಕ್ಕ."

ರಾಷ್ಟ್ರಮಟ್ಟದ ಪಂದ್ಯಕ್ಕೆ ವಾರವಿತ್ತು. ಮಗ್ಗದ ಮೇಲೆ ಮದುವೆ ಸೀರೆಯೊಂದು ಅರ್ಧಕ್ಕಿತ್ತು. ತಡೆಯಲಾರದೆ ಅವಳ ಅವ್ವನಿಗೆ ಹೇಳಿಬಿಟ್ಟೆ. ಮರುದಿನ ಅವಳು ಎಣ್ಣೆ ಬಟ್ಟಲಿಗೆ ಕೈಹಾಕಿದಾಗ ಅವ್ವ ಅದನ್ನು ಎತ್ತಿಕೊಂಡರು.

"ಏಳೇ, ಸೀರೆ ನಾನು ಮುಗಿಸ್ತೀನಿ."

"ನಿಂಗೆ ಸೊಂಟ ನೋವೈತಲ್ಲವ್ವ?"

"ನನ್ನ ಸೊಂಟ ಏನು ಕುಸ್ತಿ ಆಡ್ಬೇಕಾ?"

ಚಿನ್ನ ಗೆದ್ದು ಬಂದವಳು ಕೊರಳಿನ ಪದಕವನ್ನೂ ತೆಗೆಯದೆ ಮೊದಲು ಬಟ್ಟಲು ಹುಡುಕಿದಳು. ಅದು ಬರಿದಾಗಿತ್ತು.

"ಎಣ್ಣೆ ಎಲ್ಲವ್ವ?"

ಅವ್ವ ಮಗ್ಗದಿಂದ ತಲೆಯೆತ್ತಲಿಲ್ಲ.

"ನೀನು ಹೋದಾಗಿಂದ ದಿನಾ ದೇವ್ರ ದೀಪಕ್ಕೆ ಹಾಕ್ದೆ" ಎಂದರು.