ಕ್ಸೈ ಹೋಯ್ತೇನೇ?

ಅವರ ಎಡಗೈ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಸದಾ ನೀಲಿ. ನಮ್ಮ ಫಿಸಿಕ್ಸ್ ಮೇಡಂ ಎಡಚರು. ಬರೆದ ಸಾಲಿನ ಮೇಲೇ ಕೈ ಎಳೆಯುತ್ತಾ ಬರೆಯುತ್ತಿದ್ದರು. ಮನೆ ಶಿಕಾರಿಪುರದಲ್ಲಿ, ಪಾಠ ಸೊರಬದ ಪಿಯು ಕಾಲೇಜಿನಲ್ಲಿ, ಲೆಕ್ಕವೆಲ್ಲ ನಡುವಿನ ಬಸ್ಸಿನಲ್ಲಿ. "ಮೇಡಂ, ಸೊರಬ ಬಂತ್ರೀ, ಇಳೀರಿ," ಎಂದು ಕಂಡಕ್ಟರೇ ಎಚ್ಚರಿಸಬೇಕಿತ್ತು.

ಎರಡು ಕಣಗಳು ಡಿಕ್ಕಿ ಹೊಡೆದರೆ ಹೇಗೆ ಚದುರುತ್ತವೆ ಎಂಬುದು ಅವರ ಲೆಕ್ಕ. ಅದಕ್ಕೆ ಚಿತ್ರ ಬರೆಯಬೇಕು, ಚಿತ್ರದೊಳಗೆ ಲೂಪ್ ಎಂಬ ಕುಣಿಕೆಗಳು. ಒಂದು ಕುಣಿಕೆಯಾದರೆ ಹೇಗೋ ಆದೀತು. ಮೂರಾದರೆ ಸಾವಿರಾರು ಇಂಟಿಗ್ರಲ್‌ಗಳು ಮೈಮೇಲೆ ಬೀಳುತ್ತವೆ. ಮೇಡಂ ಅವನ್ನು ಒಂದೊಂದಾಗಿ ಬಿಡಿಸುತ್ತಿರಲಿಲ್ಲ. ಅವುಗಳ ನಡುವಿನ ಸಂಬಂಧ ಹುಡುಕಿ ಹತ್ತಿಪ್ಪತ್ತಕ್ಕೆ ಇಳಿಸುತ್ತಿದ್ದರು. "ಸೋಮಾರಿತನ ಕಲೀಬೇಕು ಕಣೇ. ಆದ್ರೆ ಎಲ್ಲಿ ಸೋಮಾರಿ ಆಗ್ಬೇಕು ಅಂತ ಗೊತ್ತಿರ್ಬೇಕು," ಎನ್ನುತ್ತಿದ್ದರು.

ಸೋಮಾರಿತನ ಕೂಡದ ಜಾಗವೆಂದರೆ ಕ್ಸೈ. ಈ ಗ್ರೀಕ್ ಅಕ್ಷರಕ್ಕೆ ಲೆಕ್ಕದಲ್ಲಿ ನಾವು ಯಾವ ಬೆಲೆಯನ್ನಾದರೂ ಕೊಡಬಹುದು. ಕೊನೆಯ ಉತ್ತರದಲ್ಲಿ ಅದು ತಾನಾಗಿಯೇ ಅಳಿದುಹೋಗಬೇಕು. ಉಳಿದರೆ ಎಲ್ಲೋ ತಪ್ಪಾಗಿದೆ. ಕೆಲಸ ಹಗುರಾಗಲೆಂದು ಬಹಳ ಜನ ಮೊದಲೇ ಅದರ ಜಾಗದಲ್ಲಿ 'ಒಂದು' ಎಂದು ಹಾಕಿಬಿಡುತ್ತಾರೆ.

ಪಿಎಚ್‌ಡಿಯಲ್ಲಿ ನಾನೂ ಅದನ್ನೇ ಮಾಡಿದೆ. ಕಂಪ್ಯೂಟರ್ ವಾರಗಟ್ಟಲೆ ಓಡಿ ಕೊಟ್ಟ ಉತ್ತರ ಯಾವುದಕ್ಕೂ ತಾಳೆಯಾಗಲಿಲ್ಲ. ಗೈಡ್ ಕೈಚೆಲ್ಲಿದರು. ಕಾಗದದ ಕಟ್ಟು ಹೊತ್ತು ಶಿಕಾರಿಪುರಕ್ಕೆ ಹೋದೆ.

"ಒಂದು ಹಾಕಿದೀಯಲ್ಲೇ! ನಿನ್ ತಲೆ! ತಪ್ಪು ಹಿಡ್ಕೊಡೋ ಅಕ್ಷರಾನೇ ಮೊದ್ಲು ಓಡ್ಸಿದೀಯಾ?"

ಕ್ಸೈಯನ್ನು ವಾಪಸ್ ತಂದು ಮೊದಲಿನಿಂದ ಮಾಡಿದರು, ಎರಡು ತಿಂಗಳು, ದಿನಾ ಬಸ್ಸಿನಲ್ಲಿ. ನಾನು ಒಂದು ಚಿತ್ರವನ್ನು ಎರಡು ಸಲ ಎಣಿಸಿದ್ದು ಸಿಕ್ಕಿತು. ಜೊತೆಗೆ ಅವರು ಕಂಡುಹಿಡಿದ ಹೊಸ ಸಂಬಂಧದಿಂದ ವಾರಗಳ ಕೆಲಸ ಒಂದು ದಿನಕ್ಕೆ ಇಳಿಯಿತು. ವಿಜ್ಞಾನ ಪತ್ರಿಕೆಗೆಂದು ಬರೆದ ಪ್ರಬಂಧದ ಜೀವವೇ ಅದು.

"ಪಿಯು ಕಾಲೇಜಿನವರಾ? ಸೊರಬ ಎಲ್ಲಿದೆಯಮ್ಮಾ?" ಎಂದು ನಕ್ಕ ಗೈಡ್, ನಾನು ಸೇರಿಸಿದ್ದ ಮೇಡಂ ಹೆಸರನ್ನು ಹೊಡೆದುಹಾಕಿದರು. ಕೃತಜ್ಞತೆಯ ಸಾಲನ್ನೂ ಬಿಡಲಿಲ್ಲ. ಅಯೋಗ್ಯ! ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ನನ್ನ ಡಿಗ್ರಿ ಅವರ ಕೈಯಲ್ಲಿತ್ತು. ನಾನು ತುಟಿಪಿಟಕ್ಕೆನ್ನಲಿಲ್ಲ.

ಅಚ್ಚಾದ ಪ್ರತಿ ಕೊಡಲು ಹೋದಾಗ ಮೇಡಂ ನೇರ ಕೊನೆಯ ಪುಟ ತೆಗೆದರು. "ಕ್ಸೈ ಹೋಯ್ತೇನೇ? ಹ್ಞಾಂ, ಹೋಗಿದೆ." ಆಮೇಲೆ ಆ ನೀಲಿ ಕೈ ಮೊದಲ ಪುಟಕ್ಕೆ ಬಂತು, ಹೆಸರುಗಳ ಮೇಲೆ ನಿಂತಿತು. ನಾನು ಗೈಡನ್ನು ಬಾಯಿಗೆ ಬಂದಂತೆ ಬೈಯತೊಡಗಿದೆ.

"ಅವ್ರು ಹೆಸರು ತೆಗೆದಾಗ ನೀನೇನಂದೆ?"

"ಏನೂ ಅನ್ನಲಿಲ್ಲ ಮೇಡಂ."

"ಮತ್ತೆ ಅವ್ರನ್ನ ಯಾಕೆ ಬೈತೀಯಾ? ಕಾಫಿ ಕುಡಿ, ಆರುತ್ತೆ."

ಆ ಕಾಫಿ ಕುಡಿದೇ ಬಂದೆನಲ್ಲ, ನನ್ನ ಜನ್ಮಕ್ಕಿಷ್ಟು! ಡಿಗ್ರಿ ಬಂತು, ಕೆಲಸ ಸಿಕ್ಕಿತು, ಗೈಡ್ ನಿವೃತ್ತರೂ ಆದರು. ಹೆದರಲು ಯಾರೂ ಉಳಿದಿರಲಿಲ್ಲ. ಆಮೇಲೂ ಮೂರು ವರ್ಷ ಸುಮ್ಮನಿದ್ದೆ, ಮುಂದಿನ ತಿಂಗಳು ನೋಡೋಣ, ಮುಂದಿನ ತಿಂಗಳು ನೋಡೋಣ ಎನ್ನುತ್ತಾ.

ಹೋದ ತಿಂಗಳು ಮೇಡಂ ತೀರಿಕೊಂಡರು. ಸುದ್ದಿ ಬಂದ ದಿನವೇ ಪ್ರಬಂಧ ಅಚ್ಚಾಗಿದ್ದ ಆ ಪತ್ರಿಕೆಗೆ ಬರೆದೆ: ಈ ವಿಧಾನ ಅವರದು, ಅವರ ಹೆಸರು ಸೇರಿಸಿ ಎಂದು. ಬರೆಯಲು ಹತ್ತು ನಿಮಿಷ ಹಿಡಿಯಿತು.