ಅವ್ವ ದೇವರಿಗೆ ಹೇಳಿದ್ದು

“ಈ ಲ್ಯಾಬಿಗೆ ಬಂದಾಗಿಂದ ಎಷ್ಟು ಮಂದೀದು ರಕ್ತ ತಗದೇನಿ ಮಾಹೀರಾ, ಒಬ್ಬರ ಮಾತು ಇನ್ನೊಬ್ಬರ ಮುಂದ ಆಡಿಲ್ಲ. ಯಾರಿಗೆ ಸಕ್ಕರಿ ಏರೇತಿ, ಯಾರ ಸೊಸಿ ಅತ್ತಿಗೆ ಹೇಳದ ಬಂದು ಬಸರು ನಿಂತತೇನು ಅಂತ ನೋಡಿಸ್ಕೊಂಡು ಹೋದ್ಲು, ಯಾವ ದೊಡ್ಡ ಮನಷ್ಯಾಂದು ಕುಡದು ಕುಡದು ಲಿವರ್ ಕೆಟ್ಟೇತಿ, ಎಲ್ಲಾ ಈ ಹೊಟ್ಯಾಗ ಐತಿ. ಬಸ್ಸಿನಾಗ ಬಾಜೂಕ ಬಂದು ಕುಂದರ್ತಾರ. ‘ಯವ್ವಾ, ನಮ್ಮ ಬೀಗತಿ ರಿಪೋರ್ಟಿನಾಗ ಏನ ಬಂತು, ನನ್ನ ಮುಂದ ಹೇಳ, ನಾ ಯಾರ ಮುಂದೂ ಹೇಳೂದಿಲ್ಲ’ ಅಂತಾರ. ನಾ ಕಿಡಕಿ ಹೊರಗ ನೋಡ್ಕೊಂತ ಕುಂದರ್ತೇನಿ. ಅಂಥಾಕಿ ನಾ. ನಂದು ಅಂತ ಒಂದ ಒಂದು ಮಾತಿತ್ತು. ಅವ್ವಗ ಹೇಳಿದ್ನಿ. ಅವ್ವಗ ಬಿಟ್ಟು ಇನ್ಯಾರಿಗೆ ಹೇಳ್ಲಿ? ಯಾರ ಮುಂದೂ ಆಡಬ್ಯಾಡ ಅಂತ ಕೈ ಮುಗದು ಹೇಳಿದ್ನಿ. ಹೂಂ ಅಂದ್ಲು. ಯಾರ ಮುಂದೂ ಆಡ್ಲಿಲ್ಲ, ಖರೇನ. ದೇವರ ಮುಂದ ಆಡಿದ್ಲು! ಕೂಟದಾಗ, ಎಲ್ಲಾ ಹೆಣ್ಮಕ್ಕಳ ನಡುವ, ಕಣ್ಣು ಮುಚ್ಚಿ, ಕೈ ಎತ್ತಿ, ಓಣಿ ಕೇಳೂವಂಗ! ಈಗ ನಾ ಯಾರ ಮ್ಯಾಲೆ ಸಿಟ್ಟಾಗ್ಲಿ ಹೇಳ. ಅವ್ವನ ಮ್ಯಾಲೆ ಸಿಟ್ಟಾದ್ರ ‘ಪ್ರಾರ್ಥನಿ ಮಾಡಿದ್ದು ತಪ್ಪಾತೇನ’ ಅಂತಾಳ. ಕೇಳಿದವರ ಮ್ಯಾಲೆ ಸಿಟ್ಟಾದ್ರ ‘ನಾವೇನು ಕಿವ್ಯಾಗ ಹತ್ತಿ ಇಟ್ಕೊಂಡು ಕುಂದರ್ಬೇಕಿತ್ತೇನ’ ಅಂತಾರ. ದೇವರ ಮ್ಯಾಲಂತೂ ಸಿಟ್ಟಾಗಾಕ ಬರೂದಿಲ್ಲ. ಈ ಸಿಟ್ಟು ತಗೊಂಡು ನಾ ಎಲ್ಲಿಗೆ ಹೋಗ್ಲಿ?”

ಇಷ್ಟನ್ನೂ ತಬಿಥಾ ಒಂದೇ ಉಸಿರಿನಲ್ಲಿ ಹೇಳಿದ್ದು ಶಿಗ್ಗಾಂವದ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತು. ಪಕ್ಕದ ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಾಹೀರಾ ಹುಲಗೂರಿನವಳು. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚುವುದು ಅಲ್ಲೇ. ಅವತ್ತು ತಬಿಥಾಳ ಡಬ್ಬಿ ಮುಚ್ಚಿಯೇ ಇತ್ತು.

“ಎಲ್ಲಿಗೂ ಹೋಗಬ್ಯಾಡ, ಇಲ್ಲೇ ಕುಂತು ರೊಟ್ಟಿ ತಿನ್ನು,” ಎಂದಳು ಮಾಹೀರಾ. “ನಮ್ಮ ಅಮ್ಮೀನೂ ಹಂಗ. ದರ್ಗಾಕ್ಕ ಹೋಗಿ ನಮ್ಮ ಮನೀದೆಲ್ಲಾ ಬಿಚ್ಚಿ ಹೇಳಿ ಬರ್ತಾಳ. ನನ್ನ ಪುಣ್ಯಾಕ ಪಿಸುಪಿಸು ಅಂತಾಳ. ನಿಮ್ಮವ್ವಗ ಯಾರರ ಪಿಸುಪಿಸು ಅನ್ನೂದು ಕಲಸ್ಬೇಕು.”

ತಬಿಥಾಳಿಗೆ ನಗು ಬರಲಿಲ್ಲ.

ದುಂಡಸಿಯಲ್ಲಿ ಮನೆ ಕಟ್ಟುವ ಗೌಂಡಿ ಯೋಬಪ್ಪನ ಮಗಳು ತಬಿಥಾ. ಲ್ಯಾಬಿನ ಕೋರ್ಸು ಮುಗಿಸಿ, ಶಿಗ್ಗಾಂವದ ಸುಶೀಂದ್ರನ ಲ್ಯಾಬಿಗೆ ಸೇರಿ ವರ್ಷಗಳೇ ಆಗಿದ್ದವು. ಮುದುಕರ ಕೈಯ ನರ ಹುಡುಕುವುದರಲ್ಲಿ ಅವಳ ಕೈ ಒಳ್ಳೆಯದು ಎಂದು ಮಂದಿ ಅವಳಿಗಾಗಿ ಕಾದು ಕೂರುತ್ತಿದ್ದರು. ಅದೇ ಅವಳಿಗೆ ಮುಳುವಾಗಿತ್ತು. ಭಾನುವಾರ ರಜೆಯ ದಿನ, ಮನೆಯಲ್ಲಿ ಎಲ್ಲರಿಗೂ ಪುರಸೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಹೋಗುವ ರೂಢಿ ಊರಿಗೆ ಊರೇ ಬಿದ್ದಿತ್ತು. ಹೀಗಾಗಿ ಬುಧವಾರ ಬೇಕಾದರೆ ರಜೆ, ಭಾನುವಾರ ಮಾತ್ರ ಇಲ್ಲ.

“ಸರ್ರ, ನಮಗ ಐತವಾರ ಆರಾಧನಿ ಇರ್ತೈತ್ರಿ,” ಎಂದು ಕೇಳಿದಾಗೆಲ್ಲ ಸುಶೀಂದ್ರ ಮೆತ್ತಗೆ ನಗುತ್ತಿದ್ದ. ಮನುಷ್ಯ ಕೆಟ್ಟವನಲ್ಲ, ದನಿ ಏರಿಸಿದವನೂ ಅಲ್ಲ. “ದೇವರು ಬುಧವಾರನೂ ಇರ್ತಾನಲ್ಲ ತಬಿಥಾ. ನಾವೇನು ಶನಿವಾರ ಒಂದ ದಿನಾ ಹನುಮಪ್ಪಗ ಕೈ ಮುಗೀತೀವೇನು?” ಎನ್ನುತ್ತಿದ್ದ. ಅದಕ್ಕೆ ಏನು ಹೇಳಬೇಕು ಎನ್ನುವುದು ಅವಳಿಗೆ ಬಸ್ಸು ಹತ್ತಿದ ಮೇಲೆ ಹೊಳೆಯುತ್ತಿತ್ತು.

ಅವಳಿಗೆ ಎಲ್ಲ ಭಾನುವಾರಗಳೂ ಬೇಕಿರಲಿಲ್ಲ. ತಿಂಗಳ ಮೊದಲನೆಯದು ಬೇಕಿತ್ತು. ದುಂಡಸಿಯ ಅವರ ಸಣ್ಣ ಚರ್ಚಿನಲ್ಲಿ ಅವತ್ತೇ ಕರ್ತನ ಭೋಜನ. ಹೆಣ್ಣುಮಕ್ಕಳು ಬಿಳಿ ಸೀರೆ ಉಟ್ಟು ಬರುತ್ತಾರೆ. ಕರ್ತನ ದೇಹವೆಂದು ರೊಟ್ಟಿಯ ಚೂರು ಇಟ್ಟ ತಟ್ಟೆ, ಆತನ ರಕ್ತವೆಂದು ದ್ರಾಕ್ಷಾರಸದ ಸಣ್ಣ ಬಟ್ಟಲುಗಳು ಕೈಯಿಂದ ಕೈಗೆ ಬರುತ್ತವೆ. ವರ್ಷವೆಲ್ಲ ಮಾತು ಬಿಟ್ಟವರೂ ಅವತ್ತು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳಲೇಬೇಕು. ಆ ಭೋಜನದ ಮೇಜಿನ ಮುಂದೆ ಮೊಣಕಾಲೂರಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ. ಸಭೆಯ ಹಿರಿಯರ ಹೆಂಡತಿ ದೀನಮ್ಮನಿಗೆ ನೆನಪಿತ್ತು. “ನಮ್ಮ ಸಲೋಮವ್ವನ ಮಗಳಿಗೆ ಮಂದಿ ರಕ್ತ ಮುಖ್ಯ, ಕರ್ತಂದಲ್ಲ,” ಎಂದು ಆಕೆ ನಾಲ್ಕು ಜನರ ನಡುವೆ ಆಡಿದ್ದು ತಬಿಥಾಳ ಕಿವಿಗೂ ಬಿದ್ದಿತ್ತು.

ಅಂಥ ಹೊತ್ತಿನಲ್ಲಿ ಹಾನಗಲ್ಲಿನಲ್ಲಿ ಹೊಸ ಲ್ಯಾಬು ಆಗುವ ಸುದ್ದಿ ಬಂತು. ಕೆಲಸ ಗೊತ್ತಿರುವ ಹುಡುಗಿ ಬೇಕು, ಭಾನುವಾರ ಬಾಗಿಲು ತೆರೆಯುವುದೇ ಇಲ್ಲ ಎಂದಿದ್ದರು. ದಾರಿ ದೂರ, ಬಸ್ಸು ಬದಲಿಸಬೇಕು. ಆದರೂ ತಬಿಥಾ ಒಳಗೊಳಗೇ ಹಿಗ್ಗಿದಳು. ಅಪ್ಪನಿಗೆ ಹೇಳಿದರೆ “ಇದ್ದ ಕೆಲಸ ಯಾಕ ಬಿಡ್ತಿ” ಎನ್ನುತ್ತಾನೆ ಎಂದು ಅವ್ವ ಸಲೋಮವ್ವನಿಗೆ ಮಾತ್ರ ಹೇಳಿದಳು. ಹಿರೇಕೆರೂರಿನ ಚಿಗವ್ವನಿಗೆ ಆರಾಮಿಲ್ಲ ಎಂದು ಸುಶೀಂದ್ರನಿಗೆ ಸುಳ್ಳು ಹೇಳಿ ಗುರುವಾರಕ್ಕೆ ರಜೆ ಕೇಳಿದಳು.

ಗುರುವಾರಕ್ಕಿಂತ ಮೊದಲು ಒಂದು ಶನಿವಾರ ಬಂತು. ಶನಿವಾರ ಸಂಜೆ ಹೆಣ್ಣುಮಕ್ಕಳ ಕೂಟ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ ಸೇರುತ್ತಾರೆ. ಹಾಡು, ವಾಕ್ಯ, ಆಮೇಲೆ ಪ್ರಾರ್ಥನೆ. ಅವರಲ್ಲಿ ಪ್ರಾರ್ಥನೆ ಎಂದರೆ ಮನಸ್ಸಿನಲ್ಲಿ ಅಂದುಕೊಳ್ಳುವುದಲ್ಲ. ಯಾರ ಮನೆಯಲ್ಲಿ ಏನು ಕಷ್ಟವಿದೆಯೋ ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು, ಉಳಿದವರು ಹೌದಪ್ಪಾ ಹೌದಪ್ಪಾ ಎನ್ನಬೇಕು. ತಬಿಥಾ ಇನ್ನೂ ಶಿಗ್ಗಾಂವದಿಂದ ಬಂದಿರಲಿಲ್ಲ. ಸಲೋಮವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು.

“ಕರ್ತನೇ, ನನ್ನ ಮಗಳು ತಬಿಥಾ ಗುರುವಾರ ಹಾನಗಲ್ಲಿಗೆ ಹೊಂಟಾಳಪ್ಪಾ, ಹೊಸಾ ಲ್ಯಾಬಿನಾಗ ಕೆಲಸ ಕೇಳಾಕ. ಹಿರೇಕೆರೂರ ಚಿಗವ್ವಗ ಆರಾಮಿಲ್ಲಂತ ಮಾಲಕಗ ಸುಳ್ಳ ಹೇಳ್ಯಾಳ, ಅದನ್ನ ಕ್ಷಮಿಸಪ್ಪಾ. ಆ ಸುಶೀಂದ್ರ ಸಾಹೇಬ್ರು ಐತವಾರನೂ ಈಕೀನ ಬಿಡವಲ್ರು. ಅವರ ಕಣ್ಣು ತೆರಿ. ಅವರು ಕಣ್ಣು ತೆರೀಲಿಲ್ಲಂದ್ರ ಈಕೀನರ ಅಲ್ಲಿಂದ ಬಿಡಸಪ್ಪಾ!”

ಹೌದಪ್ಪಾ ಹೌದಪ್ಪಾ ಎಂದರು ಎಲ್ಲರೂ. ಎಲ್ಲರಿಗಿಂತ ಜೋರಾಗಿ ಅಂದವಳು ಬಾಜೂ ಮನೆಯ ಕರೆವ್ವ. ಕರೆವ್ವ ಚರ್ಚಿನವಳಲ್ಲ. ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಿಸಿಕೊಳ್ಳಲು ಒಮ್ಮೆ ಬಂದವಳು, ನೋವು ಹೋಗಲಿಲ್ಲ, ಆದರೆ ಚಹಾ ಮತ್ತು ಹಾಡು ಹಿಡಿಸಿದವು, ಬರುತ್ತಲೇ ಉಳಿದಳು. ಅವಳು ವಾರಕ್ಕೊಮ್ಮೆ ಶಿಗ್ಗಾಂವಕ್ಕೆ ಬೆಣ್ಣೆ ಒಯ್ಯುತ್ತಿದ್ದಳು. ಒಯ್ಯುತ್ತಿದ್ದ ಮನೆಗಳಲ್ಲಿ ಒಂದು ಸುಶೀಂದ್ರನ ತಾಯಿ ವಿಮಲಾಬಾಯಿಯವರದು.

ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಬೆಣ್ಣೆ ತೂಗಿಸುತ್ತಾ ಅಂದಳಂತೆ, “ಬಾಯಾರ, ನಿಮ್ಮ ಮಗನ ಕಣ್ಣು ತೆರೀಲಿ ಅಂತ ನಾವೆಲ್ಲಾ ಕೂಡಿ ಬೇಡ್ಕೊಂಡೇವ್ರಿ.”

“ಅಯ್ಯ! ಅವನ ಕಣ್ಣಿಗೇನಾಗ್ಯದ?” ಎಂದರಂತೆ ವಿಮಲಾಬಾಯಿ ಗಾಬರಿಯಾಗಿ.

ಆಮೇಲೆ ಎಲ್ಲವೂ ಬಂತು, ಚಿಗವ್ವನೂ ಬಂದಳು, ಹಾನಗಲ್ಲೂ ಬಂತು.

ಇದೇನೂ ಗೊತ್ತಿಲ್ಲದ ತಬಿಥಾ ಗುರುವಾರ ಹಾನಗಲ್ಲಿಗೆ ಹೋದಳು. ಲ್ಯಾಬು ತೆರೆಯುತ್ತಿದ್ದ ರಾಘಣ್ಣ ವಯಸ್ಸಾದವರು. ಅವಳ ಕೆಲಸ ನೋಡಲೆಂದು ತಮ್ಮ ಕೈಯನ್ನೇ ಚಾಚಿದರು. ಸೂಜಿ ಹೋದದ್ದೂ ಗೊತ್ತಾಗಲಿಲ್ಲ. “ಒಂದನೇ ತಾರೀಖಿಗೆ ಬಂದು ಬಿಡವಾ,” ಎಂದರು. ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅವಳು ಬಿಳಿ ಸೀರೆಗೆ ಯಾವ ಕುಪ್ಪಸ ಎಂದು ಯೋಚಿಸಿದಳು.

ಶುಕ್ರವಾರ ಬೆಳಿಗ್ಗೆ ಸುಶೀಂದ್ರ ಎಂದಿನಂತೆ ಮೆತ್ತಗೆ ಕೇಳಿದ. “ಹಿರೇಕೆರೂರ ಚಿಗವ್ವ ಹೆಂಗಿದ್ದಾರ?”

“ಆರಾಮ ಇದ್ದಾರ್ರಿ ಸರ್ರ.”

“ಹಾನಗಲ್ಲಿಗೆ ಹೋಗಿದ್ದಕ್ಕ ಆರಾಮ ಆತೇನು?”

ಸುಶೀಂದ್ರ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎದುರು ಮಾತಾಡಬಹುದಿತ್ತು. “ರಾಘಣ್ಣ ನಮಗ ದೂರದವ ಅಲ್ಲ, ನಮ್ಮವ್ವನ ಕಡೆಯವ. ನಿನ್ನೆ ಸಂಜೀಕೆ ಫೋನ್ ಮಾಡಿದ್ದೆ. ನಮ್ಮ ಹುಡುಗಿ ಎಲ್ಲಿಗೂ ಬರೂದಿಲ್ಲ, ಬ್ಯಾರೆ ಯಾರನ್ನರ ನೋಡ್ಕೋ ಅಂತ ಹೇಳಿಬಿಟ್ಟೆ. ನಿಂಗ ಐತವಾರದ ತ್ರಾಸ ಇಷ್ಟದ ಅಂತ ನನಗರೆ ಏನು ಗೊತ್ತು? ನಿಮ್ಮವ್ವ ಕೂಟದಾಗ ಬೇಡ್ಕೊಂಡದ್ದೆಲ್ಲಾ ಬೆಣ್ಣಿ ಕರೆವ್ವ ಬಂದು ಹೇಳಿದಳು, ನಮ್ಮವ್ವ ಬೈದಳು ನನಗ. ಇನ್ನ ಮ್ಯಾಲೆ ತಿಂಗಳಿಗೊಂದು ಐತವಾರ ನಿಂಗ ರಜಾ. ಕಡೀ ಐತವಾರ.”

“ಸರ್ರ, ಕಡೀದಲ್ರಿ, ಮದ್ಲನೇದು...”

“ಮೊದಲನೇ ಐತವಾರ ಹೆಂಗ ಆಗ್ತದ? ಪಗಾರ ಆಗಿರ್ತದ, ಮಂದಿ ಬರೂದ ಆವತ್ತು. ನಿಮ್ಮವ್ವಗ ಹೇಳು, ಕಣ್ಣು ತೆರದಾವ ಅಂತ.”

ಅದೇ ಮಧ್ಯಾಹ್ನ ಅವಳು ಹಿಂದಿನ ಮೆಟ್ಟಿಲ ಮೇಲೆ ಕುಳಿತು ಮಾಹೀರಾಳ ಮುಂದೆ ಅಷ್ಟೆಲ್ಲ ಹೇಳಿಕೊಂಡದ್ದು.

ಸಂಜೆ ಮನೆಗೆ ಬಂದು ಅವ್ವನನ್ನು ತರಾಟೆಗೆ ತೆಗೆದುಕೊಂಡಳು. ಸಲೋಮವ್ವ ಅರ್ಧ ಕೇಳುವುದರೊಳಗೇ ಕೈ ಜೋಡಿಸಿ ಮೇಲೆ ನೋಡಿದಳು. “ಐತವಾರ ರಜಾ ಕೊಟ್ಟಾರ? ಸ್ತೋತ್ರ ಕರ್ತನೇ! ನೋಡ, ಕೇಳಿದಾ ಇಲ್ಲ ನನ್ನ ಪ್ರಾರ್ಥನಿ!”

“ಯವ್ವಾ, ಕಡೀ ಐತವಾರ! ಮದ್ಲನೇದಲ್ಲ! ಹಾನಗಲ್ಲ ಕೆಲಸಾನೂ ಹೋತು!”

“ಒಂದ ಸರ್ತಿ ಎಲ್ಲಾ ಕೊಡ್ತಾನೇನು? ಇವತ್ತು ಕಡೀದು ಕೊಟ್ಟಾನ, ನಾಳೆ ಮದ್ಲಿಂದು ಕೊಡ್ತಾನ.”

ಮೂಲೆಯಲ್ಲಿ ಸಿಮೆಂಟಿನ ಕೈ ತೊಳೆಯುತ್ತಿದ್ದ ಯೋಬಪ್ಪ, “ಹಾನಗಲ್ಲಿಗೆ ಯಾರು ಹೋಗಿದ್ರು?” ಎಂದು ಕೇಳಿದ. ಊರಿಗೆಲ್ಲ ಗೊತ್ತಾದ ಮಾತು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಮರುದಿನ ಶನಿವಾರ. ಕೂಟ ಈ ಸಲ ಅವರ ಮನೆಯಲ್ಲೇ. ತಬಿಥಾ ಬಸ್ಸಿಳಿದು ಬರುವುದರೊಳಗೆ ಚಾಪೆ ತುಂಬ ಹೆಣ್ಣುಮಕ್ಕಳು. ಹಿಂದಿನಿಂದ ಅಡಿಗೆಮನೆಗೆ ನುಸುಳೋಣ ಎಂದರೆ ದೀನಮ್ಮ ಕಂಡೇಬಿಟ್ಟಳು.

“ಬಾರವಾ ತಬಿ, ನಿಂದ ದಾರಿ ಕಾಯಾಕತ್ತೇವಿ. ನಿನ್ನ ಸಲುವಾಗಿ ಇಷ್ಟು ಮಂದಿ ಮೊಣಕಾಲೂರೇವಿ. ಎದ್ದು ನಿಂತು ಸಾಕ್ಷಿ ಹೇಳ.”

ಕೇಳಿದ್ದು ಸಿಕ್ಕವರು ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಿ ದೇವರಿಗೆ ಸ್ತೋತ್ರ ಮಾಡುವುದು ಅವರ ಪದ್ಧತಿ. ಒಲ್ಲೆ ಎನ್ನುವಂತಿಲ್ಲ.

“ನಂಗ ಚಾ ಇಡೂದೈತ್ರಿ,” ಎಂದಳು ತಬಿಥಾ.

“ಚಾ ಎಲ್ಲಿ ಹೊಕ್ಕೈತಿ? ನಮ್ಮ ಪ್ರಾರ್ಥನಿ ಕೆಲಸ ಮಾಡೇತಂತ ಒಂದು ಮಾತು ಹೇಳಾಕ ಇಷ್ಟು ನಾಚಿಕೀನ?” ದೀನಮ್ಮ ಪಕ್ಕದವಳನ್ನು ನೋಡಿ ನಕ್ಕಳು. “ಕಲತ ಹುಡುಗ್ಯಾರು ಹಿಂಗ ನೋಡ್ರಿ.”

ತಬಿಥಾ ನಿಂತಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಎಲ್ಲರನ್ನೂ ನೋಡಿದಳು. ಸಕ್ಕರೆ ಬಿಟ್ಟಿದ್ದೇನೆ ಎಂದು ಗಂಡನ ಮುಂದೆ ಹೇಳಿ, ಶಿಗ್ಗಾಂವದ ಬಸ್‌ಸ್ಟ್ಯಾಂಡಿನಲ್ಲಿ ಜಿಲೇಬಿ ತಿಂದೇ ಲ್ಯಾಬಿಗೆ ಬರುವ ದೀನಮ್ಮ. ಕದ್ದು ಬಂದು ಬಸಿರು ನೋಡಿಸಿಕೊಂಡು ಹೋಗಿ, ಈಗ ಅತ್ತೆಯ ಪಕ್ಕದಲ್ಲೇ ಏನೂ ತಿಳಿಯದವಳಂತೆ ಕುಳಿತ ಸೊಸೆ. ಬಾಯಿ ತೆರೆದರೆ ಸಾಕಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಕಣ್ಣು ಮುಚ್ಚಿದಳು.

“ಕರ್ತನೇ, ಇಲ್ಲಿ ಕುಂತವರದು ಎಲ್ಲಾರದೂ ರಕ್ತ ನಾ ತಗದೇನಿ.”

ಹೌದಪ್ಪಾ ಎನ್ನಲು ಹೊರಟ ಬಾಯಿಗಳು ಅಲ್ಲೇ ನಿಂತವು.

“ಯಾರ್‍ಯಾರಿಗೆ ಏನೇನೈತಿ ನಂಗ ಗೊತ್ತೈತಿ. ಯಾರ್‍ಯಾರು ಏನೇನು ಮುಚ್ಚಿಟ್ಟಾರ, ಅದೂ ಗೊತ್ತೈತಿ.”

ಯಾರದೋ ಬಳೆ ಸದ್ದಾಯಿತು. ಸೊಸೆ ತಲೆ ತಗ್ಗಿಸಿ ಚಾಪೆಯ ಎಳೆ ಕೀಳತೊಡಗಿದಳು. ದೀನಮ್ಮ ಒಂದು ಕಣ್ಣು ತೆರೆದಳು.

ತಬಿಥಾ ಚೌಕಟ್ಟನ್ನು ಇನ್ನೊಂದು ಕೈಯಿಂದಲೂ ಹಿಡಿದಳು. ಆಮೇಲೆ ಅಂದಳು, “ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನನ್ನ ಮಾತೂ ಹಂಗ ನಿನ್ನ ಹತ್ರನ ಇಟ್ಕೊ. ಮಂದಿ ಕೈಯಾಗ ಕೊಡಬ್ಯಾಡ. ನಂಗ ಬೇಕಾಗಿದ್ದು ಇನ್ನೂ ಸಿಕ್ಕಿಲ್ಲ. ಸಿಕ್ಕತಂತ ಸುಳ್ಳು ಸಾಕ್ಷಿ ಹೇಳಾಕ ನನ್ನ ಕಡಿಂದ ಆಗೂದಿಲ್ಲ. ಆಮೆನ್.”

ಯಾರೂ ಆಮೆನ್ ಅನ್ನಲಿಲ್ಲ. ಕರೆವ್ವ ಒಬ್ಬಳು, ಅನ್ನುವ ಹೊತ್ತಾಯಿತು ಎಂದುಕೊಂಡು, ಗಟ್ಟಿಯಾಗಿ “ಆಮೆನ್” ಎಂದಳು.

ಅವತ್ತು ಚಹಾ ಬೇಗ ಮುಗಿಯಿತು. ದೀನಮ್ಮ ತನ್ನ ಕಪ್ಪಿಗೆ ಸಕ್ಕರೆ ಬೇಡ ಎಂದಳು.

ಎಲ್ಲರೂ ಹೋದ ಮೇಲೆ ಸಲೋಮವ್ವ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದಳು. ಆಮೇಲೆ ಗೋಡೆಯ ಕಡೆ ನೋಡುತ್ತಾ ಅಂದಳು, “ನಾ ಯಾರ ಮುಂದ ಹೇಳ್ಲಿ? ನಿಮ್ಮಪ್ಪ ಉಂಡು ಮಕ್ಕೊಂತಾನ. ನೀ ಮುಂಜಾನೆ ಹೋದಾಕಿ ಕತ್ತಲಾದ ಮ್ಯಾಲೆ ಬರ್ತಿ. ವಾರಕ್ಕೊಮ್ಮೆ ಕಣ್ಣು ಮುಚ್ಚಿದಾಗ ಬಾಯಿಗೆ ಬಂದದ್ದು ಹೇಳ್ತೇನಿ. ಬಾಜೂಕ ಯಾರು ಕುಂತಾರ ಅಂತ ಆವಾಗ ನೆನಪಿರೂದಿಲ್ಲ ನಂಗ.”

ಅವ್ವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದರಿಂದ ತಬಿಥಾಳ ಸಿಟ್ಟೇನೂ ಇಳಿಯಲಿಲ್ಲ. ಹಾನಗಲ್ಲು ತಿರುಗಿ ಬರುವುದಿಲ್ಲ. ನಾಳೆ ತಿಂಗಳ ಮೊದಲ ಭಾನುವಾರ. ಮೇಜು ಹಾಸುತ್ತಾರೆ, ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ. ಅವಳು ಆ ಹೊತ್ತಿಗೆ ಯಾರದೋ ತೋಳಿಗೆ ರಬ್ಬರು ಕಟ್ಟಿ, ಮುಷ್ಟಿ ಹಿಡೀರಿ ಎನ್ನುತ್ತಿರುತ್ತಾಳೆ.

“ಸೀರಿ ಎಲ್ಲೈತಿ?” ಎಂದಳು.

“ಯಾವ ಸೀರಿ?”

“ನಾಳೆ ಉಡೂದಿಲ್ಲೇನು ನೀ? ಮುದ್ದಿ ಮಾಡಿ ಇಟ್ಟಿರ್ತಿ. ಹಂಗ ಉಟಗೊಂಡು ಹೋಗಿ ಆ ದೀನಮ್ಮನ ಬಾಜೂಕ ಕುಂದರ್ತಿ.”

ಸಲೋಮವ್ವ ಟ್ರಂಕಿನಿಂದ ಬಿಳಿ ಸೀರೆ ತೆಗೆದು ಕೊಟ್ಟಳು.

ತಬಿಥಾ ನೆಲದ ಮೇಲೆ ಕಂಬಳಿ ಹಾಸಿ ಇಸ್ತ್ರಿ ಪೆಟ್ಟಿಗೆ ಹಚ್ಚಿದಳು. ಕಾಯುವ ತನಕ ಚಂಬಿನ ನೀರಲ್ಲಿ ಬೆರಳು ಅದ್ದಿ ಸೀರೆಯ ಮೇಲೆ ಚಿಮುಕಿಸಿದಳು. ಅಂಚಿನಿಂದ ಶುರುಮಾಡಿ, ಒಂದೊಂದೇ ಮಡಿಕೆ ಬಿಡಿಸಿ, ಸುಕ್ಕು ಇರುವಲ್ಲಿ ಒತ್ತಿ ಎಳೆದಳು. ಸೀರೆ ಮಡಚಿ ಅವ್ವನ ದಿಂಬಿನ ಮೇಲೆ ಇಟ್ಟಳು. ಆಮೇಲೆ ಮೊಳೆಗೆ ನೇತು ಹಾಕಿದ್ದ ತನ್ನ ಲ್ಯಾಬಿನ ಬಿಳಿ ಕೋಟು ತಂದು ಹಾಸಿದಳು. ತೋಳಿಗೆ ಇನ್ನಷ್ಟು ನೀರು ಚಿಮುಕಿಸಿ, ಪೆಟ್ಟಿಗೆಯನ್ನು ಕಾಲರಿನ ಮೇಲೆ ಇಟ್ಟಳು.